ಮಾಗಿಯ ದಿಲ್ಲಿಗೆ ಬರುವ ಹಕ್ಕಿಗಳು

ದಿಲ್ಲಿಯ ಚಳಿಗಾಲವನ್ನು ಕುರಿತು ನಮ್ಮ ಕಡೆಯ ಜನ ಕೇಳಿಬಲ್ಲ ಮಾತುಗಳೆಲ್ಲ ಬಹುಮಟ್ಟಿಗೆ ದೂರಿನ ಮಾತುಗಳೇ. ಮಂಜು ಕವಿದು ರೈಲುಗಳು ಹೊತ್ತುಗೆಟ್ಟು ಬರುವುದು, ವಿಮಾನಗಳು ನೆಲ ಬಿಟ್ಟೇಳದೆ ನಿಲ್ಲುವುದು, ಹೊಗೆಯಿಂದ ಕಣ್ಣು ಗಂಟಲುಗಳು ಉರಿಯುವುದು, ರಾತ್ರಿಯ ಶೀತ ಮೂರು ನಾಲ್ಕು ಡಿಗ್ರಿಗಿಳಿದು ರಸ್ತೆಯ ಬದಿಯಲ್ಲಿ ಮಲಗುವ ಬಡವರ ಪ್ರಾಣಕ್ಕೆ ಎರವಾಗುವುದು, ಇವೆಲ್ಲವೂ ಸತ್ಯವಾದ ಸಂಗತಿಗಳು; ಒಂದನ್ನೂ ಅಲ್ಲಗಳೆಯುವಂತಿಲ್ಲ. ಆದರೆ ಆ ಮಂಜು, ಆ ಹೊಗೆ, ಆ ಶೀತಗಳ ನಡುವೆಯೇ, ಅಕ್ಟೋಬರಿನಿಂದ ಮಾರ್ಚಿಯವರೆಗಿನ ತಿಂಗಳುಗಳಲ್ಲಿ, ಸೈಬೀರಿಯದ ಬಯಲುಗಳಿಂದಲೂ ಮಂಗೋಲಿಯದ ಸರೋವರಗಳಿಂದಲೂ ಟಿಬೆಟ್ ಲಡಾಖುಗಳ ಎತ್ತರದ ಜವುಗುನೆಲಗಳಿಂದಲೂ ಸಾವಿರಾರು ಹಕ್ಕಿಗಳು ಹೊರಟು, ಪರ್ವತಗಳನ್ನು ದಾಟಿ ಈ ಮಹಾನಗರದ ಸೆರಗಿನಲ್ಲಿ ಬಂದಿಳಿದು, ಇಲ್ಲಿಯ ನೀರನ್ನೇ ನಂಬಿ ಬದುಕುವುವೆಂಬುದನ್ನು ದಿಲ್ಲಿಯ ನಿವಾಸಿಗಳಲ್ಲಿಯೇ ಬಹು ಜನ ಅರಿಯರು.

ಚಳಿಯನ್ನು ತಾಳಲಾರದೆ ಹಕ್ಕಿಗಳು ವಲಸೆ ಬರುವುವೆಂಬುದು ಸಾಮಾನ್ಯವಾದ ನಂಬಿಕೆ. ಗರಿಯ ಹೊದಿಕೆಯುಳ್ಳ ಜೀವಿಗೆ ಚಳಿಯೇ ಅಷ್ಟು ದೊಡ್ಡ ಶತ್ರುವಾಗಲಾರದು. ಆಹಾರ ದೊರೆಯದಿರುವುದೇ ನಿಜವಾದ ಸಂಕಟ. ಮಧ್ಯ ಏಷ್ಯದ ಕೆರೆಗಳು ಹೆಪ್ಪುಗಟ್ಟಿದುವೆಂದರೆ ಬಾತುಗಳಿಗೆ ಜಲಸಸ್ಯವೂ ಇಲ್ಲ, ಕೆಸರಿನ ಹುಳುವೂ ಇಲ್ಲ. ಕಾಡುಗಳಲ್ಲಿ ಕೀಟಗಳು ಅಡಗಿದುವೆಂದರೆ ಅವನ್ನೇ ತಿಂದು ಬದುಕುವ ಸಣ್ಣ ಹಕ್ಕಿಗಳಿಗೆ ಉಪವಾಸವೇ ಗತಿ. ಆದುದರಿಂದ ಹಗಲಿನ ಅವಧಿ ಕುಗ್ಗತೊಡಗಿದೊಡನೆಯೇ, ಇನ್ನೂ ಆಹಾರ ಸಮೃದ್ಧವಾಗಿರುವಾಗಲೇ, ಅವುಗಳ ದೇಹದಲ್ಲಿ ಒಂದು ಬಗೆಯ ಸಿದ್ಧತೆ ಮೊದಲಾಗುವುದು: ಹಸಿವು ಹೆಚ್ಚುವುದು, ಚರ್ಮದ ಕೆಳಗೆ ಕೊಬ್ಬು ಶೇಖರವಾಗುವುದು, ರಾತ್ರಿಯ ಹೊತ್ತು ಒಂದು ತೆರನಾದ ಚಡಪಡಿಕೆ ತೋರುವುದು. ಹೊರಟ ಮೇಲೆ ಸೂರ್ಯನ ಗತಿ, ನಕ್ಷತ್ರಗಳ ನೆಲೆ, ಭೂಮಿಯ ಕಾಂತಶಕ್ತಿ, ನದಿ ಬೆಟ್ಟಗಳ ಗುರುತು, ಇವೆಲ್ಲವೂ ಕೂಡಿ ಅವಕ್ಕೆ ದಾರಿ ತೋರುವುವು. ಆರ್ಕ್ಟಿಕ್ ಸಾಗರದ ತೀರದಿಂದ ಹಿಂದೂ ಮಹಾಸಾಗರದವರೆಗೆ ಹಬ್ಬಿರುವ ಈ ವಿಶಾಲವಾದ ವಾಯುಪಥವನ್ನು ವಿಜ್ಞಾನಿಗಳು ಮಧ್ಯ ಏಷ್ಯದ ಪಕ್ಷಿಮಾರ್ಗವೆಂದು ಕರೆಯುವರು. ದಿಲ್ಲಿ ಆ ಮಾರ್ಗದ ಕೆಳಗೆ ಒಳ್ಳೆಯ ನೆಲೆಯಲ್ಲಿದೆ. ಹಿಮಾಲಯವನ್ನಿಳಿದು ಬಂದ ಹಕ್ಕಿಗೆ ಇಲ್ಲಿ ಒಂದು ಪಕ್ಕದಲ್ಲಿ ಯಮುನೆಯ ನೀರು, ಮರಳದಿಣ್ಣೆ, ಜೊಂಡು. ಇನ್ನೊಂದು ಪಕ್ಕದಲ್ಲಿ ಅರಾವಳಿಯ ಬಾಲದಂತಿರುವ ಗುಡ್ಡದ ಸಾಲು, ಅದರ ಮುಳ್ಳುಗಾಡು. ಆಚೆ ಹರಿಯಾಣದ ಕಡೆಗೆ ತಗ್ಗುನೆಲದ ಝೀಲುಗಳೆಂಬ ಸರೋವರಗಳು ಮತ್ತು ಗೋದಿ ಸಾಸಿವೆಗಳ ಹೊಲಗಳು.

ಮೊದಲು ನೋಡಬೇಕಾದುದು ಯಮುನೆಯ ಘಾಟು. ಕಶ್ಮೀರಿ ದರವಾಜೆಯ ಬಳಿ, ನಿಗಮಬೋಧ ಘಾಟಿನ ಸಮೀಪದಲ್ಲಿ, ಡಿಸೆಂಬರಿನ ಬೆಳಗ್ಗೆ ನದಿಯ ಮೇಲೆ ಮಂಜು ಇನ್ನೂ ಕರಗದಿರುವಾಗ, ದೋಣಿಯವರು ಕೈಯಲ್ಲಿ ಸೇವಿನ ಪೊಟ್ಟಣವನ್ನು ಹಿಡಿದು “ಆವೋ, ಆವೋ” ಎಂದು ದೀರ್ಘವಾಗಿ ಕೂಗಿದೊಡನೆ, ಕಾಣದ ಎಲ್ಲಿಂದಲೋ ಬಿಳಿಯ ರೆಕ್ಕೆಗಳ ದೊಡ್ಡದೊಂದು ಗುಂಪು ಕಿರಿಚುತ್ತ ಬಂದು ದೋಣಿಯನ್ನು ಸುತ್ತುಗಟ್ಟುವುದು. ಇವು ಕಡಲಹಕ್ಕಿಗಳು, ಎರಡು ಜಾತಿಯವು ಬೆರೆತಿರುವುವು. ಒಂದು ಕಪ್ಪುತಲೆಯದು, ಇನ್ನೊಂದು ಕಂದುತಲೆಯದು. ಆದರೆ ಚಳಿಗಾಲದಲ್ಲಿ ಎರಡರ ತಲೆಯೂ ಬಿಳುಪೇ. ಕಣ್ಣಿನ ಹಿಂದೆ ಕಾಡಿಗೆಯ ಬೊಟ್ಟಿನಷ್ಟು ಒಂದು ಮಚ್ಚೆ ಮಾತ್ರ ಉಳಿದಿರುವುದು. ಸ್ವಲ್ಪ ಹತ್ತಿರದಿಂದ ನೋಡಿದರೆ ದೊಡ್ಡದಾದ ಕಂದುತಲೆಯ ಹಕ್ಕಿಯ ಕಣ್ಣಾಲಿ ಮಾಸಲು ಬಣ್ಣದ್ದು, ಅದರ ರೆಕ್ಕೆಯ ಕಪ್ಪು ತುದಿಯಲ್ಲಿ ಬಿಳಿಯ ಕಿಟಕಿಯಂಥ ಗುರುತೊಂದು ಇರುವುದು; ಚಿಕ್ಕದರಲ್ಲಿ ಅದಿಲ್ಲ. ಮಾರ್ಚಿ ಬಂದಿತೆಂದರೆ ಇವುಗಳ ತಲೆಗೆ ಬಣ್ಣ ಏರತೊಡಗುವುದು. ಅದು ಹೊರಡುವ ಕಾಲದ ಸೂಚನೆ. ಕಂದುತಲೆಯ ಹಕ್ಕಿ ಟಿಬೆಟ್ ಮತ್ತು ಲಡಾಖಿನ ಎತ್ತರದ ಸರೋವರಗಳ ಬಳಿ ಮರಿ ಮಾಡುವುದು. ಇದೇ ಹಕ್ಕಿ ನಮ್ಮ ಕಾರವಾರ, ಮಲ್ಪೆಗಳ ದಕ್ಕೆಗಳಲ್ಲಿಯೂ ಚಳಿಗಾಲದಲ್ಲಿ ಮೀನುದೋಣಿಗಳ ಹಿಂದೆ ಹಾರಾಡುವುದನ್ನು ಕರಾವಳಿಯ ಓದುಗರು ಕಂಡೇ ಇರುವರು.

ದೋಣಿಯವರು ಇವನ್ನು “ಸೈಬೀರಿಯದ ಹಕ್ಕಿ” ಎಂದೇ ಕರೆಯುವರು. ಅವರ ಮಾತಿನಲ್ಲಿ ಒಂದು ಬಗೆಯ ಹೆಮ್ಮೆಯೂ ಇದೆ. ಚಳಿಗಾಲವೆಲ್ಲ ಇವುಗಳಿಂದಲೇ ಅವರಿಗೆ ಒಂದಿಷ್ಟು ಸಂಪಾದನೆಯೂ ಉಂಟು. ಆದರೆ ಒಂದು ಮಾತನ್ನು ಹೇಳಲೇಬೇಕಾಗಿದೆ. ಕರಿದ ಸೇವು, ಉಪ್ಪುಖಾರದ ಮಿಕ್ಸ್ಚರು, ಬ್ರೆಡ್ಡಿನ ಚೂರು, ಇವು ಮೀನು ಹುಳುಗಳನ್ನು ತಿಂದು ಬದುಕುವ ಹಕ್ಕಿಯ ಆಹಾರವಲ್ಲ. ಸಾವಿರಾರು ಮೈಲಿಯ ಮರುಪಯಣಕ್ಕೆ ಮೈಯಲ್ಲಿ ಸತ್ವ ಕೂಡಿಸಬೇಕಾದ ಕಾಲದಲ್ಲಿ ಅದು ಹೊಟ್ಟೆ ತುಂಬ ಎಣ್ಣೆಯ ತಿಂಡಿಯನ್ನು ತುಂಬಿಕೊಂಡರೆ, ನಾವು ಮಾಡಿದುದು ಪುಣ್ಯಕಾರ್ಯವೆಂದು ಹೇಗೆ ಹೇಳೋಣ? ದಾನದ ಬುದ್ಧಿ ಒಳ್ಳೆಯದು. ಆದರೆ ದಾನಕ್ಕೂ ಪಾತ್ರವನ್ನೂ ಪದಾರ್ಥವನ್ನೂ ನೋಡಬೇಕೆಂದು ನಮ್ಮ ಹಿರಿಯರು ಹೇಳಿರುವರಷ್ಟೆ.

ನದಿಯ ಜೊತೆಯಲ್ಲಿಯೇ ದಕ್ಷಿಣಕ್ಕೆ ಹೋದರೆ, ದಿಲ್ಲಿಯು ಮುಗಿದು ಉತ್ತರ ಪ್ರದೇಶವು ಆರಂಭವಾಗುವಲ್ಲಿ ಓಖ್ಲಾ ಸಿಕ್ಕುವುದು. 1874ರಲ್ಲಿ ಆಗ್ರಾ ಕಾಲುವೆಗೆ ನೀರನ್ನು ತಿರುಗಿಸುವುದಕ್ಕಾಗಿ ಬ್ರಿಟಿಷರು ಇಲ್ಲಿ ನದಿಗೆ ಅಡ್ಡಗಟ್ಟೆಯನ್ನು ಹಾಕಿದರು. ಈಗಿರುವುದು ಅನಂತರ ಕಟ್ಟಿದ ದೊಡ್ಡ ಬ್ಯಾರೇಜು. ಅದರ ಹಿಂದೆ ನಿಂತ ನೀರಿನ ವಿಸ್ತಾರವನ್ನು 1990ರಲ್ಲಿ ಪಕ್ಷಿಧಾಮವೆಂದು ಸಾರಲಾಯಿತು. ಸುತ್ತಲೂ ಮುಗಿಲೆತ್ತರದ ಮನೆಗಳು, ಸೇತುವೆಗಳು, ವಿದ್ಯುತ್ತಂತಿಗಳು. ನಡುವೆ ಜೊಂಡಿನ ನಡುಗಡ್ಡೆಗಳು. ವಜೀರಾಬಾದಿನಿಂದ ಓಖ್ಲಾದವರೆಗಿನ ಯಮುನೆಯ ಹರಿವು ಕೇವಲ 22 ಕಿಲೋಮೀಟರು. 1376 ಕಿಲೋಮೀಟರು ಉದ್ದದ ಆ ನದಿಯ ಮಾಲಿನ್ಯದ ಬಹುಭಾಗವು ಸೇರುವುದು ಈ ಅಲ್ಪದೂರದಲ್ಲಿಯೇ. ಚರಂಡಿಗಳ ನೊರೆ ಬೆಳ್ಳಗೆ ತೇಲುತ್ತಿರುವ ಆ ನೀರಿನಲ್ಲಿಯೇ ಸೂಜಿಬಾಲದ ಬಾತುಗಳೂ ಸಲಿಕೆಕೊಕ್ಕಿನ ಬಾತುಗಳೂ ಗುಂಪುಗುಂಪಾಗಿ ಇಳಿದಿರುವುದನ್ನು ಕಂಡವನಿಗೆ ಸಂತೋಷವೂ ಲಜ್ಜೆಯೂ ಏಕಕಾಲದಲ್ಲಿ ಉಂಟಾಗುವುವು.

ಸಲಿಕೆಕೊಕ್ಕಿನ ಬಾತು ಉಣ್ಣುವ ಕ್ರಮವು ನೋಡತಕ್ಕದ್ದು. ಇದರ ಕೊಕ್ಕು ತಲೆಗಿಂತ ಉದ್ದ, ತುದಿಯಲ್ಲಿ ಅಗಲ. ಅಂಚಿನ ಒಳಗೆ ಬಾಚಣಿಗೆಯ ಹಲ್ಲಿನಂತೆ ಸೂಕ್ಷ್ಮವಾದ ಸಾಲುಗಳಿರುವುವು. ಹಲವು ಬಾತುಗಳು ಒಂದರ ಹಿಂದೊಂದು ಸೇರಿ, ಕೊಕ್ಕನ್ನು ನೀರಿನಲ್ಲಿ ಅದ್ದಿಟ್ಟು, ವೃತ್ತಾಕಾರವಾಗಿ ಸುತ್ತತೊಡಗುವುವು. ಅವುಗಳ ಕಾಲಿನ ಬಡಿತದಿಂದ ಕೆಳಗಿನ ನೀರು ಕದಡಿ, ಅದರಲ್ಲಿದ್ದ ಸಣ್ಣ ಜೀವಿಗಳೂ ಬೀಜಗಳೂ ಮೇಲೆದ್ದು ಬರುವುವು. ಹಿಂದಿನ ಬಾತು ಮುಂದಿನದು ಎಬ್ಬಿಸಿದುದನ್ನು ಸೋಸಿ ನುಂಗುವುದು. ತಲೆ ಎತ್ತದೆ, ಸದ್ದು ಮಾಡದೆ, ಬಹಳ ಹೊತ್ತು ಈ ಪ್ರದಕ್ಷಿಣೆ ನಡೆದಿರುವುದು.

ಓಖ್ಲಾದ ಮರಳದಿಣ್ಣೆಗಳ ಮೇಲೆ ಕಿತ್ತಳೆಗಂದು ಬಣ್ಣದ ದೊಡ್ಡ ಬಾತುಗಳೆರಡು ಒಟ್ಟಿಗೆ ನಿಂತಿರುವುದನ್ನು ಕಂಡರೆ ಕನ್ನಡ ಕಾವ್ಯಗಳನ್ನು ಓದಿದವರು ಒಂದು ಕ್ಷಣ ನಿಲ್ಲುವುದು ಸಹಜ, ಏಕೆಂದರೆ ಅದೇ ಚಕ್ರವಾಕ. ನಮ್ಮ ಹಳಗನ್ನಡದ ಕವಿಗಳ ಜಕ್ಕವಕ್ಕಿ. ರಾತ್ರಿಯಾದೊಡನೆ ನದಿಯ ಎರಡು ದಡಗಳಲ್ಲಿ ಅಗಲಿ ನಿಂತು ಒಂದನ್ನೊಂದು ಕರೆಯುತ್ತ ಬೆಳಗಾಗುವುದನ್ನೇ ಹಾರೈಸುವ ದಂಪತಿಗಳೆಂದು ಕವಿಸಮಯವು ಇವನ್ನು ಶಾಶ್ವತಗೊಳಿಸಿದೆ. ಇವು ಜೋಡಿಯಾಗಿಯೇ ಬಾಳುವುವೆಂಬುದೂ ನಿಜ, ರಾತ್ರಿಯಲ್ಲಿಯೂ ಮೇಯುವುದರಿಂದ ಇವುಗಳ ಕೂಗು ಕತ್ತಲೆಯಲ್ಲಿ ದೂರದೂರಕ್ಕೆ ಕೇಳಿಸುವುದೆಂಬುದೂ ನಿಜ. ನದೀತೀರದಲ್ಲಿ ಕುಳಿತು ಆ ದನಿಯನ್ನು ಕೇಳಿದ ಯಾವನೋ ಪ್ರಾಚೀನ ರಸಿಕನೇ ಆ ಕಲ್ಪನೆಗೆ ಮೂಲಪುರುಷನಿರಬೇಕು. ಈ ಹಕ್ಕಿ ಲಡಾಖಿನಲ್ಲಿ ಬಂಡೆಗಳ ಪೊಟರೆಗಳಲ್ಲಿ ಮೊಟ್ಟೆಯಿಡುವುದು.

ಹಕ್ಕಿಗಳ ಪಯಣದ ಸಾಹಸವೇನೆಂಬುದನ್ನು ತಿಳಿಯಬೇಕಾದರೆ ಪಟ್ಟೆತಲೆಯ ಹೆಬ್ಬಾತನ್ನು ನೋಡಬೇಕು. ಬಿಳಿಯ ತಲೆ, ಅದರ ಹಿಂಭಾಗದಲ್ಲಿ ಎರಡು ಕಪ್ಪು ಅಡ್ಡಪಟ್ಟೆಗಳು, ಬೂದುಬಣ್ಣದ ಮೈ; ಯಮುನೆಯ ತೀರದಲ್ಲಿಯೂ ದಿಲ್ಲಿಯ ಹೊರವಲಯದ ಹೊಲಗಳಲ್ಲಿಯೂ ಇವು ಮೇಯುತ್ತಿರುವುವು. ಮಂಗೋಲಿಯ, ಟಿಬೆಟ್, ಲಡಾಖುಗಳಲ್ಲಿ ಮರಿ ಮಾಡುವ ಈ ಹಕ್ಕಿ ಹಿಮಾಲಯವನ್ನು ಬಳಸಿ ಬರುವುದಿಲ್ಲ. ಅದರ ಮೇಲೆಯೇ ಹಾರಿ ಬರುವುದು. ಮೈಗೆ ಯಂತ್ರವನ್ನು ಕಟ್ಟಿ ಹಿಂಬಾಲಿಸಿದ ವಿಜ್ಞಾನಿಗಳು 7290 ಮೀಟರು ಎತ್ತರದಲ್ಲಿ ಹಾರಿದ ಹೆಬ್ಬಾತೊಂದನ್ನು ದಾಖಲಿಸಿರುವರು. ಆ ಎತ್ತರದಲ್ಲಿ ಗಾಳಿಯ ಆಮ್ಲಜನಕವು ಸಮುದ್ರಮಟ್ಟದಲ್ಲಿರುವುದರ ಅರ್ಧಕ್ಕಿಂತಲೂ ಕಡಿಮೆ. ಅಭ್ಯಾಸವಿಲ್ಲದ ಮನುಷ್ಯನು ಅಲ್ಲಿ ಕುಳಿತಲ್ಲಿಯೇ ತತ್ತರಿಸುವನು, ಇದು ರೆಕ್ಕೆ ಬಡಿಯುತ್ತಲೇ ಇರುವುದು. ಇದರ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಬೇರೆ ಬಾತುಗಳ ರಕ್ತಕ್ಕಿಂತ ಬಿಗಿಯಾಗಿ ಹಿಡಿಯಬಲ್ಲುದು, ಉಸಿರು ಆಳವಾದುದು, ಹಾರುವ ಸ್ನಾಯುಗಳಲ್ಲಿ ನೆತ್ತರಿನ ಸೂಕ್ಷ್ಮನಾಳಗಳು ದಟ್ಟವಾಗಿ ಹೆಣೆದಿರುವುವು. ಅಲ್ಲದೆ ಇದು ವ್ಯರ್ಥವಾಗಿ ಎತ್ತರದಲ್ಲಿ ನಿಲ್ಲದೆ, ನೆಲದ ಏರಿಳಿತವನ್ನೇ ಅನುಸರಿಸಿ, ಬೆಟ್ಟ ಏರಿದಾಗ ಏರಿ, ಕಣಿವೆ ಬಂದಾಗ ಇಳಿದು ಹಾರುವುದು. ಗಾಳಿ ತಂಪಾಗಿ ಸಾಂದ್ರವಾಗಿರುವ ರಾತ್ರಿಯ ಹೊತ್ತನ್ನೂ ಮುಂಜಾವನ್ನೂ ಆರಿಸಿಕೊಳ್ಳುವುದು. ಇವುಗಳಲ್ಲಿ ಕೆಲವು ದಿಲ್ಲಿಯ ಆಸುಪಾಸಿನಲ್ಲಿ ನಿಂತರೆ, ಕೆಲವು ಇನ್ನೂ ಮುಂದೆ ಸಾಗಿ ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆಯವರೆಗೂ ಮೈಸೂರಿನ ಬಳಿಯ ಹದಿನಾರು ಕೆರೆಯವರೆಗೂ ಬರುವುವು. ಮಾಗಡಿ ಕೆರೆಯು 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜವುಗುನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಕನ್ನಡನಾಡಿನ ರೈತನ ಕಡಲೆಯ ಹೊಲದಲ್ಲಿ ಮೇದುಹೋಗುವ ಹಕ್ಕಿ ಬೇಸಗೆಯಲ್ಲಿ ಹಿಮಾಲಯದ ಆಚೆಯದು.

ದೊಡ್ಡ ಹಕ್ಕಿಗಳೇ ಕಣ್ಣಿಗೆ ಬೀಳುವುವಾದರೂ, ನನಗೆ ಹೆಚ್ಚಿನ ಆಶ್ಚರ್ಯವನ್ನುಂಟುಮಾಡುವುವು ಸಣ್ಣವು. ಲೋದಿ ಉದ್ಯಾನದಲ್ಲಿ ಗೋರಿಗಳ ನಡುವಿನ ಹುಲ್ಲಿನ ಮೇಲೆ ಬಾಲವನ್ನು ಕುಣಿಸುತ್ತ ಓಡಾಡುವ ಬಿಳಿಯ ಕುಂಡೆಕುಸ್ಕಗಳು, ಕಲ್ಲಿನ ಮೇಲೆ ಕುಳಿತು ಕೆಂಬಾಲವನ್ನು ನಡುಗಿಸುವ ಕರಿಯ ಹಕ್ಕಿ, ಬೇವಿನ ಕೊಂಬೆಯಲ್ಲಿ ನೊಣ ಹಿಡಿಯುವ ಕೆಂಪುಗೊರಳಿನ ಪುಟ್ಟ ಹಕ್ಕಿ, ಇವೆಲ್ಲವೂ ಚಳಿಗಾಲದವೇ. ಎಲೆಗಳ ನಡುವೆ ಸದಾ ಚಲಿಸುತ್ತಿರುವ ಉಲಿಯಕ್ಕಿಯೊಂದಕ್ಕೆ ಏಲನ್ ಆಕ್ಟೇವಿಯನ್ ಹ್ಯೂಮನ ಹೆಸರಿದೆ. 1885ರಲ್ಲಿ ಕಾಂಗ್ರೆಸ್ ಸಂಸ್ಥೆ ಹುಟ್ಟಲು ಕಾರಣನಾದ ಅದೇ ಹ್ಯೂಮನು ಭಾರತದ ಪಕ್ಷಿಶಾಸ್ತ್ರಕ್ಕೂ ಅಡಿಗಲ್ಲು ಹಾಕಿದವರಲ್ಲಿ ಒಬ್ಬನು. ಹತ್ತು ಗ್ರಾಮೂ ತೂಗದ ಆ ಹಕ್ಕಿ ಬೇಸಗೆಯನ್ನು ಪರ್ವತದ ಕಾಡುಗಳಲ್ಲಿ ಕಳೆದು ಬಂದದ್ದು. ಓಖ್ಲಾದ ಜೊಂಡಿನ ಬುಡದಲ್ಲಿ ಕಾದು ನಿಂತರೆ ನೀಲಿಗೊರಳಿನ ಹಕ್ಕಿಯನ್ನೂ ಕಾಣಬಹುದು: ಬೆನ್ನು ಕೆಸರಿನದೇ ಬಣ್ಣ, ಥಟ್ಟನೆ ತಿರುಗಿ ನಿಂತಿತೆಂದರೆ ಕೊರಳಿನಲ್ಲಿ ಉಜ್ಜ್ವಲವಾದ ನೀಲಿ, ಅದರ ನಡುವೆ ಒಂದು ಕೆಂಗಂದು ಬೊಟ್ಟು. ಮರುಗಳಿಗೆಯಲ್ಲಿ ಜೊಂಡಿನೊಳಗೆ ನುಸುಳಿರುವುದು.

ಇನ್ನು ಹೇಳಬೇಕಾದುದು ರಮ್ಯವಾದ ಸ್ಥಳದ ಮಾತಲ್ಲ. ನಗರದ ಪೂರ್ವದಲ್ಲಿ ಗಾಜೀಪುರವೆಂಬಲ್ಲಿ 1984ರಿಂದ ದಿಲ್ಲಿಯ ಕಸವನ್ನು ಸುರಿಯುತ್ತ ಬಂದಿರುವರು. ಅದು ಈಗ ಬೆಟ್ಟವಾಗಿ ಬೆಳೆದಿದೆ. ಆ ಬೆಟ್ಟದ ಮೇಲೆ ಚಳಿಗಾಲದ ಮಧ್ಯಾಹ್ನ ಆಕಾಶವೇ ಕಪ್ಪಾಗುವಂತೆ ಹದ್ದುಗಳು ಸುತ್ತುವುವು. ಅವೆಲ್ಲ ಇಲ್ಲಿಯವೇ ಎಂದು ಯಾರಾದರೂ ಭಾವಿಸುವರು. ಆದರೆ ಅವುಗಳಲ್ಲಿ ಬಹಳಷ್ಟು ಕಪ್ಪುಕಿವಿಯ ಹದ್ದೆಂಬ ದೊಡ್ಡ ಬಗೆಯವು, ಮಧ್ಯ ಏಷ್ಯದಿಂದ ಬಂದವು. ದೆಹರಾದೂನಿನ ವನ್ಯಜೀವಿ ಸಂಸ್ಥೆಯ ಸಂಶೋಧಕರು ಕೆಲವು ಹಕ್ಕಿಗಳ ಬೆನ್ನಿಗೆ ಪುಟ್ಟ ಯಂತ್ರವನ್ನು ಕಟ್ಟಿ ನೋಡಿದಾಗ, ಅವು ಕಾರಕೋರಂ ಪರ್ವತಶ್ರೇಣಿಯನ್ನು ದಾಟಿ ಹೋಗುವುದು ತಿಳಿದುಬಂದಿತು. ಹಳೆಯ ದಿಲ್ಲಿಯಲ್ಲಿ ಮುಸಲ್ಮಾನ ಬಾಂಧವರು ಸದ್ಕಾ ಎಂಬ ದಾನವಾಗಿ ಮಾಂಸದ ತುಣುಕುಗಳನ್ನು ಹದ್ದುಗಳಿಗೆ ಎಸೆಯುವ ವಾಡಿಕೆ ಬಹುಕಾಲದಿಂದ ಇದೆ. ಊರಿನ ಹದ್ದುಗಳಿಗೆ ಅದೊಂದು ಆಧಾರ, ದೂರದಿಂದ ಬಂದವಕ್ಕೆ ಕಸದ ಬೆಟ್ಟವೇ ಆಧಾರ. ಜಗತ್ತಿನಲ್ಲಿಯೇ ಅಳಿವಿನ ಭೀತಿಯಲ್ಲಿರುವ ಸ್ಟೆಪ್ ಗಿಡುಗಗಳೂ ಈ ಗುಂಪಿನಲ್ಲಿ ಸೇರಿರುವುವು.

ದಿಲ್ಲಿಯ ಸುತ್ತಣ ಉಳಿದ ಜಲಾಶ್ರಯಗಳ ಚರಿತ್ರೆಯೂ ಇದೇ ಜಾಡಿನದು. ಅರಾವಳಿಯಿಂದ ಹರಿದು ಬರುತ್ತಿದ್ದ ಸಾಹಿಬೀ ನದಿಯು ನಜಫಗಢದ ಬಳಿ ಮಳೆಗಾಲದಲ್ಲಿ ವಿಶಾಲವಾದ ಝೀಲನ್ನು ಮಾಡುತ್ತಿದ್ದಿತು. 1964ರ ಪ್ರವಾಹದ ತರುವಾಯ ನಾಲೆಯನ್ನು ಅಗಲಗೊಳಿಸಿ ನೀರನ್ನು ಹರಿಯಬಿಟ್ಟರು. ನದಿಯ ಹೆಸರೇ ಮರೆತು ನಜಫಗಢ ನಾಲಾ ಎಂಬುದೊಂದೇ ಜನರ ಬಾಯಲ್ಲಿ ಉಳಿಯಿತು. ಉಳಿದ ಝೀಲಿಗೆ ಈಗ ಬಹುಮಟ್ಟಿಗೆ ಗುರುಗ್ರಾಮದ ಬಚ್ಚಲುನೀರೇ ಬರುವುದು. ಆದರೂ ಅಲ್ಲಿ ಚಳಿಗಾಲದಲ್ಲಿ ರಾಜಹಂಸಗಳೂ ಹೆಜ್ಜಾರ್ಲೆಗಳೂ ಹೆಬ್ಬಾತುಗಳೂ ಕಾಣುವುವು. ಅದಕ್ಕೆ ಸಮೀಪದ ಸುಲ್ತಾನಪುರವು ಉಪ್ಪುನೀರಿನ ತಗ್ಗು. ಇಪ್ಪತ್ತನೆಯ ಶತಮಾನದ ಆದಿಯವರೆಗೂ ಅಲ್ಲಿ ಉಪ್ಪು ತೆಗೆಯುತ್ತಿದ್ದರು. ದಿಲ್ಲಿಯಲ್ಲಿದ್ದ ಆಂಗ್ಲ ಪತ್ರಕರ್ತ ಪೀಟರ್ ಜಾಕ್ಸನ್ ಅವರು ಅಲ್ಲಿಯ ಹಕ್ಕಿಗಳ ವಿಚಾರವನ್ನು ಪತ್ರದ ಮೂಲಕ ಪ್ರಧಾನಿ ಇಂದಿರಾ ಗಾಂಧಿಯವರ ಗಮನಕ್ಕೆ ತಂದುದರ ಫಲವಾಗಿ 1970ರ ದಶಕದ ಆರಂಭದಲ್ಲಿ ಅದಕ್ಕೆ ರಕ್ಷಣೆ ದೊರೆಯಿತು. ಇಂದಿರಾ ಗಾಂಧಿಯವರು ಸ್ವತಃ, ಗಾಂಧೀಜಿಯ ಮಿತ್ರ ಹೊರೇಸ್ ಅಲೆಗ್ಸಾಂಡರ್ ಮೊದಲಾದವರು 1950ರಲ್ಲಿ ಸ್ಥಾಪಿಸಿದ ದಿಲ್ಲಿಯ ಪಕ್ಷಿವೀಕ್ಷಕರ ಸಂಘದಲ್ಲಿ ಸದಸ್ಯೆಯಾಗಿದ್ದವರು. ಒಂದು ಪತ್ರವು ಫಲಿಸಿದುದಕ್ಕೆ ಓದಿದವರ ಈ ಆಸಕ್ತಿಯೂ ಕಾರಣವಾಗಿರಬೇಕು. 2021ರಲ್ಲಿ ಸುಲ್ತಾನಪುರವು ರಾಮ್ಸಾರ್ ಪಟ್ಟಿಯನ್ನು ಸೇರಿತು.

ರಕ್ಷಣೆ ತಡವಾದರೆ ಏನಾಗುವುದೆಂಬುದಕ್ಕೂ ದೂರ ಹೋಗಬೇಕಾದುದಿಲ್ಲ. ಜಹಾಂಗೀರನ ಆಸ್ಥಾನದ ಚಿತ್ರಕಾರ ಉಸ್ತಾದ್ ಮನ್ಸೂರನು ಸೈಬೀರಿಯದ ಬಿಳಿಯ ಕ್ರೌಂಚದ ಚಿತ್ರವನ್ನು ಬರೆದನು. ಆ ಹಕ್ಕಿಯನ್ನು ಐರೋಪ್ಯ ವಿದ್ವಾಂಸರು ಅರಿಯುವುದಕ್ಕೆ ಎಷ್ಟೋ ಮೊದಲೇ ನಮ್ಮ ಕಲಾವಿದನ ಕಣ್ಣು ಅದನ್ನು ಕಂಡಿದ್ದಿತು. ದಿಲ್ಲಿಯಿಂದ ಕೆಲವು ಗಂಟೆಗಳ ದಾರಿಯಾದ ಭರತಪುರದಲ್ಲಿ 1960ರ ದಶಕದಲ್ಲಿ ಇನ್ನೂರರಷ್ಟು ಕ್ರೌಂಚಗಳು ಬರುತ್ತಿದ್ದುವು. ಹಾದಿಯಲ್ಲಿ ಬೇಟೆ, ಇಳಿಯುವಲ್ಲಿ ಜವುಗುನೆಲಗಳ ನಾಶ, ಇವುಗಳಿಂದ ವರ್ಷವರ್ಷವೂ ಕ್ಷೀಣಿಸಿ, 2002ರಲ್ಲಿ ಕೊನೆಯ ಜೋಡಿ ಕಂಡಿತು. ಆಮೇಲೆ ಬರಲಿಲ್ಲ. ಭರತಪುರವು 1985ರಲ್ಲಿಯೇ ವಿಶ್ವಪರಂಪರೆಯ ತಾಣವೆಂಬ ಗೌರವವನ್ನು ಪಡೆದಿದ್ದಿತು. ಒಂದೆಡೆಯ ಬೇಲಿ ಹಲವು ದೇಶಗಳ ಆಕಾಶದಲ್ಲಿ ಹಾರುವ ಹಕ್ಕಿಯನ್ನು ಕಾಯಲಾರದೆ ಹೋಯಿತು. ಇಂದು ಘಾಟಿನಲ್ಲಿ ಜನ ಸೈಬೀರಿಯದ ಹಕ್ಕಿಯೆಂದು ಬೊಟ್ಟುಮಾಡಿ ತೋರಿಸುವಾಗ, ಆ ಹೆಸರಿಗೆ ನಿಜವಾಗಿ ಬಾಧ್ಯವಾದ ಹಕ್ಕಿ ಈ ದೇಶಕ್ಕೆ ಬರುವುದನ್ನೇ ಬಿಟ್ಟಿದೆಯೆಂಬುದನ್ನು ನೆನೆದರೆ ಮನಸ್ಸು ಮ್ಲಾನವಾಗುವುದು.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ಊರೊಳಗೇ ಇದೆ. ದಿಲ್ಲಿಯ ಮೃಗಾಲಯವು 1959ರಲ್ಲಿ ತೆರೆಯಿತು. ಅದರ ಕೊಳಗಳ ನಡುಗಡ್ಡೆಯ ಮರಗಳಿಗೆ ಯಾರೂ ಕರೆಯದೆಯೇ ಬಣ್ಣದ ಕೊಕ್ಕರೆಗಳು ಬಂದು ಗೂಡು ಕಟ್ಟಿದುವು. ಅಂದಿನಿಂದ ಮಳೆಗಾಲದ ಕೊನೆಗೆ ಬಂದು, ಮರಿಗಳನ್ನು ಬೆಳೆಸಿ, ಮಾರ್ಚಿಯ ಹೊತ್ತಿಗೆ ಹೊರಟುಹೋಗುವುವು. ಇವು ದೂರದೇಶದವಲ್ಲ, ಈ ನೆಲದವೇ. ನಮ್ಮ ಮದ್ದೂರಿನ ಬಳಿಯ ಕೊಕ್ಕರೆ ಬೆಳ್ಳೂರಿನಲ್ಲಿ ಇದೇ ಕೊಕ್ಕರೆಗಳು ಗೂಡು ಕಟ್ಟುವ ಕಾಲ ಬೇರೆ. ದಿಲ್ಲಿಯಲ್ಲಿ ಮರಿಗಳು ರೆಕ್ಕೆ ಬಲಿತು ನಿಲ್ಲುವ ಹೊತ್ತಿಗೆ ಬೆಳ್ಳೂರಿನವು ಸಂಸಾರ ಆಗತಾನೆ ಹೂಡುವುವು. ಮೀನಿರುವ ನೀರು, ನಿರುಪದ್ರವವಾದ ಮರ, ಈ ಎರಡು ಇದ್ದರೆ ಹಕ್ಕಿ ಮೃಗಾಲಯವೆಂದೂ ಹಳ್ಳಿಯೆಂದೂ ಭೇದ ಮಾಡುವುದಿಲ್ಲ. ಜಗತ್‌ಪುರದ ಬಳಿ ದಿಲ್ಲಿ ಅಭಿವೃದ್ಧಿ ಪ್ರಾಧಿಕಾರವೂ ದಿಲ್ಲಿ ವಿಶ್ವವಿದ್ಯಾಲಯವೂ ಕೂಡಿ ಬೆಳೆಸಿದ ಯಮುನಾ ಜೀವವೈವಿಧ್ಯ ಉದ್ಯಾನಕ್ಕೆ ಕೆಂಪುಜುಟ್ಟಿನ ಬಾತುಗಳು ಬರತೊಡಗಿದುದೂ ಇಂಥ ನಿರುಪದ್ರವವಾದ ನೆಲೆ ದೊರೆತುದರಿಂದಲೇ.

ಆದುದರಿಂದ ನನ್ನ ಅಭಿಪ್ರಾಯವನ್ನು ಸ್ಪಷ್ಟವಾಗಿಯೇ ಹೇಳಬಯಸುತ್ತೇನೆ. ಸರಕಾರದ ಕಾಗದಗಳಲ್ಲಿ ಯಮುನೆಯ ಇಕ್ಕೆಲದ ಬಯಲು, ಝೀಲಿನ ಅಂಚು, ಮಳೆಗಾಲದಲ್ಲಿ ಮುಳುಗಿ ಚಳಿಗಾಲದಲ್ಲಿ ಜೊಂಡು ಬೆಳೆಯುವ ತಗ್ಗು, ಇವೆಲ್ಲ ಎಷ್ಟೋ ವೇಳೆ ಪಾಳುಭೂಮಿಯೆಂದು ನಮೂದಾಗುವುವು. ಮಣ್ಣು ತುಂಬಿ ಕಟ್ಟಡ ಎಬ್ಬಿಸುವುದೇ ಅವುಗಳ ಉದ್ಧಾರವೆಂದು ನಂಬಿದವರು ಬಹಳ. ನೆರೆಯ ನೀರನ್ನು ತಡೆದು ಹಿಡಿಯುವುದೂ ಅಂತರ್ಜಲವನ್ನು ತುಂಬುವುದೂ ಅದೇ ಪಾಳುಭೂಮಿಯೇ. ಮೂರು ಸಾವಿರ ಕಿಲೋಮೀಟರು ಹಾರಿ ಬಂದ ಹಕ್ಕಿ ಇಳಿಯುವುದೂ ಅಲ್ಲಿಯೇ. ಅದನ್ನು ಅದರ ಪಾಡಿಗೆ ಬಿಟ್ಟು, ಚರಂಡಿಯ ನೀರನ್ನು ಶುದ್ಧಮಾಡಿ ಬಿಡುವುದಷ್ಟನ್ನು ನಗರವು ಮಾಡಿದರೆ ಸಾಕು; ಬೇರೆ ಉಪಚಾರ ಹಕ್ಕಿಗಳಿಗೆ ಬೇಕಿಲ್ಲ.

ಚಳಿಗಾಲದಲ್ಲಿ ದಿಲ್ಲಿಗೆ ಹೋಗುವ ಕನ್ನಡಿಗರು ಕೆಂಪುಕೋಟೆ ಕುತುಬ್ ಮಿನಾರುಗಳ ನಡುವೆ ಅರ್ಧ ದಿನವನ್ನು ಇದಕ್ಕಾಗಿ ಉಳಿಸಿಕೊಳ್ಳಬೇಕೆಂದು ಕೋರುತ್ತೇನೆ. ದುರ್ಬೀನು ಇದ್ದರೆ ಲೇಸು, ಬೆಚ್ಚನೆಯ ಬಟ್ಟೆಯಂತೂ ಅಗತ್ಯ. ಸೇವಿನ ಪೊಟ್ಟಣ ಬೇಡ. ಮೆಟ್ರೊ ರೈಲಿನ ನೇರಳೆಗೆಂಪಿನ ಮಾರ್ಗದಲ್ಲಿ ಓಖ್ಲಾ ಪಕ್ಷಿಧಾಮವೆಂಬ ಹೆಸರಿನ ನಿಲ್ದಾಣವೇ ಇದೆ. ಇಳಿದರೆ ಧಾಮ ಹತ್ತಿರದಲ್ಲಿಯೇ. ಡಿಸೆಂಬರಿನ ನಡುವಿನಿಂದ ಫೆಬ್ರವರಿಯ ನಡುವಿನವರೆಗೆ ಒಳ್ಳೆಯ ಕಾಲ. ಅದು ಕಳೆದರೆ ಬಾತುಗಳು ಉತ್ತರಕ್ಕೆ ಹೊರಡತೊಡಗುವುವು.